ಎರಡು ನಮಸ್ಕಾರ ಬಾಕಿ

ಲಕ್ಷ್ಮೀ ನಗರದಲ್ಲಿ ನಮ್ಮ ಪಕ್ಕದ ಮನೆ ಕೊಡಗಿನ ಅಪ್ಪಚ್ಚು ಅವರದು. ಹತ್ತಿರದ ಕಾಮ್ಟಿ ಸೇನಾ ಕೇಂದ್ರದಲ್ಲಿ ಸುಬೇದಾರರಾಗಿ ನಿವೃತ್ತರಾದವರು. ವಯಸ್ಸು ಎಪ್ಪತ್ತು ದಾಟಿದರೂ ಮೀಸೆ ಮಾತ್ರ ಇನ್ನೂ ಡ್ಯೂಟಿಯಲ್ಲಿದೆ. ಬೆಳಿಗ್ಗೆ ಮೈದಾನದಲ್ಲಿ ಹುಡುಗಿಯರಿಗೆ ಹಾಕಿ ಕಲಿಸುತ್ತಾರೆ. ನಾನು ಹುಬ್ಬಳ್ಳಿಯಿಂದ ಈ ಹೊರರಾಜ್ಯದ ಊರಿಗೆ ವರ್ಗವಾಗಿ ಬಂದ ರೈಲ್ವೆ ಗುಮಾಸ್ತ, ಹಾಕಿಯ ಗಂಧಗಾಳಿ ಇಲ್ಲ. ಆದರೆ ಅವರ ಬಗ್ಗೆ ಜಂಭ ಕೊಚ್ಚುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಅವರ ಮೈದಾನದ ಕಾನೂನು ಒಂದೇ. ಗೆದ್ದವರು ಸೋತ ತಂಡದ ಹಿರಿಯರ ಕಾಲು ಮುಟ್ಟಿದ ಮೇಲೆಯೇ ನೀರು ಕುಡಿಯಬೇಕು. ಯಾಕೆಂದು ಒಮ್ಮೆ ಕೇಳಿದ್ದೆ.

“ಊರಲ್ಲಿ ನಮಗೂ ಪಕ್ಕದ ಮನೆಯವರಿಗೂ ಗದ್ದೆ ಬದುವಿನ ಜಗಳ ನಂದೀಶ್, ತಲೆಮಾರಿನದು. ವರ್ಷಕ್ಕೊಮ್ಮೆ ಅವರ ಮೇಲೆ ಹಾಕಿ ಆಡ್ತಿದ್ವಿ. ಗೆದ್ದು, ಅವರ ಹಿರಿಯರಿಗೆ ನಮಸ್ಕಾರ ಮಾಡದೆ ಬಂದ್ರೆ ಅಜ್ಜಿ ಊಟ ಹಾಕ್ತಿರಲಿಲ್ಲ. ಪಕ್ಕದವರನ್ನ ಎತ್ತಿ ಬೇರೆ ಕಡೆ ಇಡೋಕಾಗುತ್ತಾ ಅಂತಿದ್ರು.”

ಹೀಗೆನ್ನುವ ಅಪ್ಪಚ್ಚು ಅವರ ಅಣ್ಣ ಕರಿಯಪ್ಪ ಎಪ್ಪತ್ತೊಂದರ ಯುದ್ಧದಲ್ಲಿ ಪಾಕಿಸ್ತಾನದ ಗಡಿಯಲ್ಲಿ ಮಡಿದವರು. ಅವರ ಫೋಟೋ ನಡುಮನೆಯಲ್ಲಿದೆ.

ಮೊಮ್ಮಗಳು ಯಶಿಕಾ ದಿನಾ ಕೊಡವರ ಪದ್ಧತಿಯಂತೆ ತಾತನ ಕಾಲನ್ನು ಮೂರು ಸಲ ಮುಟ್ಟಿಯೇ ಆಟಕ್ಕಿಳಿಯುತ್ತಿದ್ದಳು. ಈ ವರ್ಷ ಜೂನಿಯರ್ ಭಾರತ ತಂಡಕ್ಕೆ ಆಯ್ಕೆಯಾದಳು. ವಿದೇಶದಲ್ಲಿ ಸೆಮಿಫೈನಲ್, ನಮ್ಮವರು ಪಾಕಿಸ್ತಾನವನ್ನು ಸೋಲಿಸಿದರು. ಎದುರಾಳಿಗಳ ಕೈ ಕುಲುಕಬಾರದೆಂದು ಮೊದಲೇ ಅಪ್ಪಣೆಯಾಗಿತ್ತಂತೆ. ನಮ್ಮ ಹುಡುಗಿ ಕೈ ಕುಲುಕಲಿಲ್ಲ, ನಿಜ. ಗೆದ್ದ ಖುಷಿಯಲ್ಲಿ, ಅಭ್ಯಾಸಬಲದಿಂದ, ಓಡಿಹೋಗಿ ಅವರ ವಯಸ್ಸಾದ ಕೋಚಮ್ಮನ ಕಾಲನ್ನೇ ಮುಟ್ಟಿಬಿಟ್ಟಳು!

ಊರಿಗೂರೇ ಫೋನಿನಲ್ಲಿ ಬೈಯತೊಡಗಿತು. ಮರುದಿನ ಬೀದಿಯವರು ಗೇಟಿಗೆ ಬಂದು, ನಿಮ್ಮ ಅಣ್ಣನನ್ನು ಕೊಂದವರ ಕಾಲು ಹಿಡಿಯುವುದೇ ಎಂದು ಹಿಂದಿಯಲ್ಲಿ ಕೂಗಾಡಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಪ್ಪಚ್ಚು ಅವರೊಂದಿಗೆ ಒಳಗೆ ಬರುವಷ್ಟರಲ್ಲಿ ಯಶಿಕಾಳ ಫೋನ್ ಬಂತು, ಅವರು ಸ್ಪೀಕರ್ ಹಾಕಿದರು.

“ತಾತ, ತಪ್ಪಾಯ್ತು ಅಂತ ವಿಡಿಯೋ ಹಾಕ್ಬೇಕಂತೆ. ಇಲ್ಲಾಂದ್ರೆ ಫೈನಲ್ ಆಡಿಸಲ್ಲ ಅಂತಾರೆ ಮ್ಯಾನೇಜರ್. ಏನ್ಮಾಡ್ಲಿ?”

ಅಪ್ಪಚ್ಚು ಅಣ್ಣನ ಫೋಟೋ ಕಡೆ ನೋಡಿದರು. “ತಪ್ಪಾಗಿದೆ ಮಗಳೇ. ಕ್ಷಮೆ ಕೇಳು.”

ನನಗೆ ತಡೆಯಲಾಗಲಿಲ್ಲ. “ಏನ್ರಿ ಸಾಹೇಬ್ರ, ನೀವೂ ಹಿಂಗಂದ್ರ ಹೆಂಗ್ರಿ?”

ಕೈಯೆತ್ತಿ ನನ್ನನ್ನು ಸುಮ್ಮನಿರಿಸಿ ಅವರು ಮುಂದುವರಿಸಿದರು. “ಟಿವಿಯಲ್ಲಿ ಬರೋಬರ್ ನೋಡಿದೀನಿ. ನೀನು ಒಂದೇ ಸಲ ಮುಟ್ಟಿದ್ದು. ಮೂರು ಸಲ ಅಲ್ವಾ ನಮ್ಮಲ್ಲಿ?”

ಆ ಕಡೆ ಹುಡುಗಿ ಅಳುತ್ತಲೇ ನಕ್ಕಳು.

ಸಂಜೆ ವಿಡಿಯೋ ಬಂತು. ಎರಡು ನಮಸ್ಕಾರ ಬಾಕಿ ಉಳಿಸಿಕೊಂಡಿದ್ದಕ್ಕೆ ಯಶಿಕಾ ಆ ಕೋಚಮ್ಮನ ಕ್ಷಮೆ ಕೇಳಿದ್ದಳು.

ಫೈನಲ್‌ನಲ್ಲಿ ಅವಳನ್ನು ಆಡಿಸಲಿಲ್ಲ. ಬೆಂಚಿನ ಮೇಲೆ ನೆಟ್ಟಗೆ ಕೂತವಳನ್ನು ಟಿವಿ ಒಮ್ಮೆ ತೋರಿಸಿದಾಗ ಅಪ್ಪಚ್ಚು ಎದ್ದು ನಿಂತು ಸೆಲ್ಯೂಟ್ ಹೊಡೆದರು. ಸೆಲ್ಯೂಟ್ ಹೊಡೆಯಲು ಬಾರದ ನಾನೂ ಎದ್ದು ನಿಂತೆ.