ಚಂಡಮಾರುತದ ದಿನ ಕುದಿದ ಎಣ್ಣೆ

ಉತ್ತರವನ್ನು ಯಾರಾದರೂ ಮೊದಲೇ ಹೇಳಿಬಿಟ್ಟರೆ ಶ್ಯೂಲ್ವಾನ್‌ಗೆ ಸಿಟ್ಟು ನೆತ್ತಿಗೇರುತ್ತಿತ್ತು. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಡಾಕ್ಟರು ಹೇಳಹೊರಟಾಗ ಎರಡೂ ಕಿವಿ ಮುಚ್ಚಿಕೊಂಡವಳು ಅವಳು. ಧಾರಾವಾಹಿಯ ಕೊಲೆಗಾರ ಯಾರೆಂದು ಗಂಡ ಬಾಯಿ ಜಾರಿ ಹೇಳಿದ ದಿನ ಅವನಿಗೆ ಗಂಜಿಯ ಜೊತೆ ಒಣಮೂಲಂಗಿ ಬಿಟ್ಟು ಬೇರೇನೂ ಸಿಗಲಿಲ್ಲ.

ತೈವಾನಿನ ಪೂರ್ವ ಕಡಲಂಚಿನಲ್ಲಿ ಕರ್ಪೂರದ ಮರದ ಎಣ್ಣೆ ಬಟ್ಟಿ ಇಳಿಸುವ ಒಂದು ಸಣ್ಣ ಕಾರ್ಖಾನೆ. ಅದರ ಪ್ರಯೋಗಾಲಯದಲ್ಲಿ ಎಣ್ಣೆಯನ್ನು ಗಾಜಿನ ಬುರುಡೆಯಲ್ಲಿ ಕಾಯಿಸಿ, ಎಷ್ಟು ಡಿಗ್ರಿಗೆ ಕುದಿಯುತ್ತದೆ ಎಂದು ನೋಡುವುದೇ ಅವಳ ಕೆಲಸ. ಅಪ್ಪಟ ಎಣ್ಣೆಯಾದರೆ ಥರ್ಮಾಮೀಟರಿನ ಪಾದರಸ ಒಂದೇ ಕಡೆ ನಿಲ್ಲುತ್ತದೆ, ಕಲಬೆರಕೆಯಾದರೆ ಮೇಲಕ್ಕೆ ಸರಿಯುತ್ತಲೇ ಹೋಗುತ್ತದೆ. ಸೀಸೆಯ ಮೇಲಿನ ಹೆಸರು ಕಾಣದಂತೆ ಬೇರೆಯವರಿಂದ ಕಾಗದ ಅಂಟಿಸಿಕೊಂಡ ಮೇಲೆಯೇ ಅವಳು ಒಲೆ ಹಚ್ಚುತ್ತಿದ್ದಳು.

"ಏನು ಬರ್ಬೇಕು ಅಂತ ಮೊದ್ಲೇ ಗೊತ್ತಿದ್ರೆ ಕಣ್ಣು ಅದನ್ನೇ ತೋರ್ಸುತ್ತೆ. ಈ ಕಣ್ಣಿನಷ್ಟು ಮುಖಸ್ತುತಿ ಮಾಡೋರು ಇನ್ನೊಬ್ರಿಲ್ಲ," ಎನ್ನುತ್ತಿದ್ದಳು.

ಆ ವರ್ಷ ಆ ಕಣ್ಣಿಗೇ ಕುತ್ತು ಬಂತು. ಬಲಗಣ್ಣಿನ ಪೊರೆ ತೆಗೆಸಿಕೊಂಡು ಅವಳು ಕೆಲಸಕ್ಕೆ ಮರಳುವಷ್ಟರಲ್ಲಿ ಕುದಿಬಿಂದುವನ್ನು ತಾನೇ ಅಳೆಯುವ ಹೊಸ ಯಂತ್ರ ಬಂದು ಕೂತಿತ್ತು. ಅದರ ತಲೆಯ ಮೇಲೆ ಜೋಳದ ಕುರುಕಲಿನ ಹಸಿರು ಪೊಟ್ಟಣ. ಯಂತ್ರ ಹಟ ಮಾಡದೆ ಹೇಳಿದ ಮಾತು ಕೇಳಲಿ ಎಂದು ತೈವಾನಿನಲ್ಲಿ ಇಡುವುದು ಅದನ್ನೇ. ಹಸಿರೇ ಆಗಬೇಕು, ದಿನಾಂಕವೂ ಮೀರಿರಬಾರದು. ಅವಳ ಗಾಜಿನ ಸಾಮಾನಿದ್ದ ಹಳೆಯ ಮೇಜಿಗೆ ಪೊಟ್ಟಣ ಇರಲಿಲ್ಲ. ಕಾಲಿಗೊಂದು ಕೆಂಪು ಚೀಟಿ ಮಾತ್ರ ಇತ್ತು: ತೆಗೆಯತಕ್ಕದ್ದು.

ಪ್ರಯೋಗಾಲಯದ ಮುಖ್ಯಸ್ಥ ಯೂ ಪೋಹಾನ್ ಅವಳ ಮಗನ ವಯಸ್ಸಿನವನು, ಒಳ್ಳೆಯವನೇ. "ಅಕ್ಕ, ಬೇಜಾರು ಮಾಡ್ಕೋಬೇಡಿ. ಒಂದೇ ಸೀಸೆ ಎಣ್ಣೆ, ನೀವೂ ನೋಡಿ, ಯಂತ್ರಾನೂ ನೋಡ್ಲಿ. ತಾಳೆ ಆದ್ರೆ ಮೇಜೂ ಇರುತ್ತೆ, ನೀವೂ ಇರ್ತೀರಿ." ತಾಳೆಯಾಗದಿದ್ದರೆ ಪ್ಯಾಕಿಂಗ್ ವಿಭಾಗ ಎಂಬುದನ್ನು ಅವನು ನುಂಗಿಕೊಂಡ.

ಗೊತ್ತುಮಾಡಿದ ದಿನವೇ ಚಂಡಮಾರುತ ಬರುವ ಸುದ್ದಿ. ಸಂಜೆಗೆ ಬರುತ್ತದೆ ಎಂದಿದ್ದರಿಂದ ಬೆಳಿಗ್ಗೆ ರಜೆ ಸಿಗಲಿಲ್ಲ. "ಸಂಜೆಗಂತೆ! ಚಂಡಮಾರುತ ಏನು ಟಿಕೆಟ್ ತಗೊಂಡು ರೈಲಲ್ಲಿ ಬರುತ್ತಾ?" ಎಂದು ಗೊಣಗುತ್ತಲೇ ಶ್ಯೂಲ್ವಾನ್ ಮಳೆಯಂಗಿ ಕಳಚಿದಳು. ಮಧ್ಯಾಹ್ನದ ಊಟ ಮುಗಿಯುವಾಗಲೇ ಕಿಟಕಿಯ ತಗಡುಗಳು ಬಡಿದುಕೊಳ್ಳತೊಡಗಿದವು, ರೈಲು ನಿಂತಿತು. ಮನೆಗೆ ಹೋಗುವಂತಿಲ್ಲ, ಪರೀಕ್ಷೆಯಾದರೂ ಆಗಲಿ ಎಂದುಕೊಂಡರು ಇಬ್ಬರೂ.

ಯಂತ್ರ ತೋರಿಸುವ ಅಂಕಿ ಕಾಣದಂತೆ ಅವಳು ಹಸಿರು ಪೊಟ್ಟಣವನ್ನು ಅದರ ಮುಖಕ್ಕೆ ಒರಗಿಸಿದಳು. ಆದರೆ ಮೂಗನ್ನು ಮುಚ್ಚುವವರು ಯಾರು? ಸೀಸೆ ತೆರೆದೊಡನೆ ನೀಲಗಿರಿ ಎಣ್ಣೆಯಂಥ ವಾಸನೆ. ಇದು ನೂರ ಎಪ್ಪತ್ತಾರು ಡಿಗ್ರಿಗೆ ಕುದಿಯುವ ಎಣ್ಣೆ ಎಂದು ಅವಳಿಗೆ ಥಟ್ಟನೆ ತಿಳಿಯಿತು. ಬೇಡದ ಉತ್ತರ ತಾನಾಗಿ ಒಳಗೆ ಬಂದು ಕೂತಿತ್ತು.

ಎಣ್ಣೆ ಕುದಿಯಿತು. ಥರ್ಮಾಮೀಟರಿನ ತುದಿಯಿಂದ ಹನಿ ತೊಟ್ಟಿಕ್ಕತೊಡಗಿತು. ಪಾದರಸ ಏರಿ ನಿಂತಿತು. ಬೆಳಿಗ್ಗೆ ಹಲಗೆಯ ಮೇಲೆ ಬರೆದಿದ್ದ ಗಾಳಿಯ ಒತ್ತಡವನ್ನು ಎಂದಿನಂತೆ ಲೆಕ್ಕಕ್ಕೆ ಹಿಡಿದು ನೋಡಿದರೆ ನೂರ ಎಪ್ಪತ್ತನಾಲ್ಕು. ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಅಷ್ಟೇ. ಎಪ್ಪತ್ತಾರು ಎಂದುಬಿಟ್ಟರೆ ಮುಗಿಯಿತು, ಮೇಜು ಉಳಿಯುತ್ತದೆ.

"ಎಪ್ಪತ್ನಾಕು," ಎಂದಳು.

ಪೋಹಾನ್ ಪೊಟ್ಟಣ ಸರಿಸಿದ. ಯಂತ್ರ ಎಪ್ಪತ್ತಾರು ತೋರಿಸುತ್ತಿತ್ತು. ಅವನಿಗೆ ಅವಳ ಮುಖ ನೋಡಲಾಗಲಿಲ್ಲ. "ಇರ್ಲಿ ಬಿಡಿ ಅಕ್ಕ... ಟೀ ಮಾಡ್ತೀನಿ."

"ಟೀ ಆಮೇಲೆ ಕುಡಿಯೋಣ. ಇನ್ನೊಂದ್ಸಲ ಕುದಿಸ್ತೀನಿ."

ಅವಳಿಗೆ ಅಳು ಬಂದಿತ್ತು ನಿಜ. ಆದರೆ ಅಳುವಿಗಿಂತ ಮುಂದೆ ನಿಂತಿದ್ದು ಕುತೂಹಲ. ಈ ಸಲ ಎಪ್ಪತ್ತಮೂರೂವರೆ ಬಂತು. ಅವಳು ಕುರ್ಚಿಯಿಂದ ಎದ್ದೇಬಿಟ್ಟಳು.

"ನೋಡಿ ಇಲ್ಲಿ! ನನ್ನ ಕಣ್ಣು ಕೆಟ್ಟಿದ್ರೆ ಎರಡು ಸಲಾನೂ ಒಂದೇ ಥರ ಕೆಟ್ಟಿರ್ಬೇಕಿತ್ತು. ಇದು ಇಳೀತಾ ಇದೆ. ಏನೋ ಇಳೀತಿದೆ ಸಾಹೇಬ್ರೇ, ಏನದು?"

ಪೋಹಾನ್ ಒಮ್ಮೆ ಹಲಗೆ ನೋಡಿದ, ಒಮ್ಮೆ ಬಡಿದುಕೊಳ್ಳುವ ತಗಡು ನೋಡಿದ. ಆಮೇಲೆ ಹಣೆ ಚಚ್ಚಿಕೊಂಡ. "ಅಯ್ಯೋ ನನ್ನ ಬುದ್ಧಿಗಿಷ್ಟು! ಬೆಳಿಗ್ಗೆ ಬರೆದ ಒತ್ತಡ ಅಕ್ಕ ಅದು! ಚಂಡಮಾರುತ ತಲೆ ಮೇಲೆ ಬಂದಿದೆ, ಗಾಳಿ ಹಗುರ ಆಗಿದೆ, ಎಣ್ಣೆ ಬೇಗ ಕುದೀತಿದೆ. ಯಂತ್ರದೊಳಗೆ ಒತ್ತಡ ಅಳೆಯೋದೂ ಇದೆ, ಅದು ತಾನೇ ಸರಿ ಮಾಡ್ಕೊಂಡು ಎಪ್ಪತ್ತಾರು ಅಂತು. ನಾವು ಬೆಳಿಗ್ಗೆ ಅಂಕಿ ಹಿಡ್ಕೊಂಡು ಕೂತಿದೀವಿ!"

ಗೋಡೆಯ ಒತ್ತಡಮಾಪಕದ ಮುಳ್ಳು ಎಲ್ಲೋ ಕೆಳಗೆ ಬಿದ್ದುಕೊಂಡಿತ್ತು. ಅದನ್ನು ಹಿಡಿದು ಹೊಸದಾಗಿ ಲೆಕ್ಕ ಹಾಕಿದರೆ ಈ ಸಲದ್ದು ಎಪ್ಪತ್ತಾರಕ್ಕೇ ಬಂದು ನಿಂತಿತು. ಶ್ಯೂಲ್ವಾನ್ ಬಲಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡು ಕೂತಳು.

ಆಮೇಲೆ ಇಬ್ಬರಿಗೂ ಮಕ್ಕಳ ಹುಚ್ಚು ಹಿಡಿಯಿತು. ಅದೇ ಎಣ್ಣೆಯನ್ನು ಮತ್ತೆ ಮತ್ತೆ ಕುದಿಸಿದರು. ಚಂಡಮಾರುತ ಹತ್ತಿರವಾದಂತೆ ಪಾದರಸ ಇನ್ನೂ ಇಳಿಯಿತು, ಅದು ಬೆಟ್ಟ ದಾಟಿ ಹೋದಂತೆ ಮೆಲ್ಲಗೆ ಏರತೊಡಗಿತು. ಯಂತ್ರ ಮಾತ್ರ ಹೊರಗೆ ಏನೂ ಆಗೇ ಇಲ್ಲವೆಂಬಂತೆ ಎಪ್ಪತ್ತಾರು, ಎಪ್ಪತ್ತಾರು ಎನ್ನುತ್ತಲೇ ಇತ್ತು.

"ಈಗ ಎಷ್ಟು?" ಎಂದು ಪೋಹಾನ್ ಕೇಳಿದ.

ಶ್ಯೂಲ್ವಾನ್ ಕುರ್ಚಿ ಬಿಟ್ಟುಕೊಟ್ಟಳು. "ನಾನು ನೋಡಿದೀನಿ, ಹೇಳಲ್ಲ. ನೀವೇ ಕೂತು ನೋಡಿ."

ಅವನು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ. "ಎಪ್ಪತ್ತೈದು. ಒಂದು ಕೂದಲೆಳೆ ಕಮ್ಮಿ."

"ಕೂದಲೆಳೆ ಕಮ್ಮೀನೇ," ಎಂದಳು ಅವಳು. ಕಣ್ಣಲ್ಲಿ ನೀರು ತುಂಬಿತು, ಒರೆಸಿಕೊಳ್ಳಲಿಲ್ಲ.

ಪೋಹಾನ್ ಬಗ್ಗಿ ಮೇಜಿನ ಕಾಲಿನ ಕೆಂಪು ಚೀಟಿ ಕಿತ್ತ. ಕಪಾಟಿನಿಂದ ಇನ್ನೊಂದು ಹಸಿರು ಪೊಟ್ಟಣ ತಂದು ಗಾಜಿನ ಸಾಮಾನಿನ ಪಕ್ಕ ನೆಟ್ಟಗೆ ನಿಲ್ಲಿಸಿದ.

"ದಿನಾಂಕ ನೋಡಿದ್ರಾ?" ಎಂದು ಕೇಳಿದಳು ಶ್ಯೂಲ್ವಾನ್.

"ನೋಡಿದೆ. ಹೇಳ್ಲಾ?"

"ಬೇಡ, ಬೇಡ," ಎಂದು ಅವಳು ಪೊಟ್ಟಣವನ್ನು ತಾನೇ ಎತ್ತಿಕೊಂಡು ದೀಪದ ಹತ್ತಿರ ಹಿಡಿದಳು.