ಎಣ್ಣೆ ಮುಟ್ಟದ ಕೈ

ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿದ ಕೂಡಲೇ ಅವನು ಕೈ ತೊಳೆಯುತ್ತಾನೆ. ಎರಡು ಸಲ, ಉಗುರಿನ ಸಂದಿಯವರೆಗೂ. ಆಮೇಲೆ ಅದೇ ಸೋಪಿನ ನೊರೆಯನ್ನು ಹಳೆಯ ಶೇವಿಂಗ್ ಬ್ರಷ್ಷಿನಿಂದ ಆಮ್ಲಜನಕದ ಸಿಲಿಂಡರಿನ ವಾಲ್ವಿಗೆ, ಪೈಪಿನ ಜೋಡಣೆಗಳಿಗೆ ಬಳಿಯುತ್ತಾನೆ. ಗುಳ್ಳೆ ಎದ್ದರೆ ಗ್ಯಾಸ್ ಸೋರುತ್ತಿದೆ. ಏಳದಿದ್ದರೆ ವೆಲ್ಡಿಂಗ್ ಶುರು ಮಾಡಬಹುದು. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಇದನ್ನು ತಪ್ಪಿಸಿಲ್ಲ. ಬೀದಿಗೆಲ್ಲ ಅವನು ಸೋಪಣ್ಣ. ಅವನ ಸ್ವಂತ ಹೆಸರು ಹೆಂಡತಿಯ ಆಸ್ಪತ್ರೆ ಚೀಟಿಯಲ್ಲಿ, 'ಗಂಡ' ಎಂಬಲ್ಲಿ ಮಾತ್ರ ಉಳಿದಿದೆ.

ಕೈ ತೊಳೆಯುವುದಕ್ಕೆ ಕಾರಣವಿದೆ. ಒತ್ತಡದ ಆಮ್ಲಜನಕಕ್ಕೆ ಎಣ್ಣೆ ತಾಗಿದರೆ ಕಡ್ಡಿ ಗೀರದೆಯೂ ಬೆಂಕಿ ಹತ್ತಬಹುದು. ಅವನಿಗೆ ಕೆಲಸ ಕಲಿಸಿದವರ ಎಡಗೈಯಲ್ಲಿ ಎರಡು ಬೆರಳಿರಲಿಲ್ಲ. ಅದನ್ನು ನೋಡಿಯೇ ಅವನು ಆ ಪಾಠ ಕಲಿತ.

ಹೆಂಡತಿಗೆ ಕರುಳಿನ ಕ್ಯಾನ್ಸರ್. ಆಪರೇಷನ್ ಆಗಿ, ಮೂರು ವಾರಕ್ಕೊಮ್ಮೆ ಕೀಮೋ ನಡೆಯುತ್ತಿತ್ತು. ಆಗ ಬಂದವನು ಅವಳ ತಮ್ಮ. ಅವನೂ ಗ್ಯಾಸಿನವನೇ, ಅಂಗಡಿ, ಆಸ್ಪತ್ರೆಗಳಿಗೆ ವ್ಯಾನಿನಲ್ಲಿ ಆಮ್ಲಜನಕದ ಸಿಲಿಂಡರ್ ಹಾಕುತ್ತಾನೆ. ಕೈಯಲ್ಲಿ ಫೋನು, ಫೋನಿನಲ್ಲಿ ವೀಡಿಯೊ.

"ಭಾವ, ಕ್ಯಾನ್ಸರ್ ತಿನ್ನೋದೇ ಸಕ್ಕರೆ. ಕೊಡದಿದ್ರೆ ಉಪವಾಸ ಬಿದ್ದು ಸಾಯುತ್ತೆ. ಮತ್ತೆ ಆಮ್ಲಜನಕ ಅಂದ್ರೆ ಅದಕ್ಕಾಗಲ್ಲ. ಅಕ್ಕನ್ನ ಇದರಲ್ಲಿ ತೋರಿಸ್ತಾರಲ್ಲ, ಒತ್ತಡದ ಆಮ್ಲಜನಕ ತುಂಬೋ ಕೋಣೆ, ಅದರೊಳಗೆ ಮಲಗಿಸಿದ್ರೆ ಅದರ ಕಥೆ ಮುಗೀತು."

"ಸಕ್ಕರೆ ಬಿಟ್ಟು ಇವಳು ಏನು ತಿನ್ನಬೇಕು?"

"ಎಣ್ಣೆ, ಬೆಣ್ಣೆ, ಮೊಟ್ಟೆ, ಸೊಪ್ಪು. ಅನ್ನ, ಬ್ರೆಡ್ಡು, ಹಣ್ಣು ಮುಟ್ಟಂಗಿಲ್ಲ."

ಸೋಪಣ್ಣ ಫೋನನ್ನು ಪಕ್ಕಕ್ಕೆ ಸರಿಸಿದ. "ಎಣ್ಣೆ ಕುಡಿಸಿ ಆಮ್ಲಜನಕದೊಳಗೆ ಮಲಗಿಸ್ತೀಯಾ? ನಿಮ್ಮಕ್ಕನ್ನ ಏನು ಮಾಡಬೇಕು ಅಂತಿದೀಯೋ?"

ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕವಳು ಹೆಂಡತಿ. "ಸುಮ್ನಿರ್ರೀ, ನಾನೇನು ವಾಲ್ವಾ?"

ನಕ್ಕರೂ ಊಟ ಬದಲಾಯಿತು. ಬದುಕುವ ಆಸೆ ಯಾರಿಗಿಲ್ಲ? ಸೋಪಣ್ಣ ಮಾತ್ರ ಸಿಕ್ಕಸಿಕ್ಕವರನ್ನೆಲ್ಲ ಕೇಳುತ್ತ ತಿರುಗಿದ. ಔಷಧಿ ಅಂಗಡಿಯವರು ಒಂದು ಹೇಳಿದರು, ಮೇಷ್ಟ್ರು ಇನ್ನೊಂದು. ಆಮ್ಲಜನಕದ ಕೋಣೆ ಇರುವ ಕಡೆಗೂ ಹೋಗಿಬಂದ. ತಲೆಗೆ ಎಣ್ಣೆ ಹಚ್ಚಿಕೊಂಡು ಬರಬಾರದು, ಬೆಂಕಿಯ ಭಯ ಎಂದರಂತೆ ಅಲ್ಲಿಯವರು. ಬಂದವನು ಪಕ್ಕದ ಮನೆಯ ನಮ್ಮ ಜಗಲಿಯಲ್ಲಿ ಕುಕ್ಕರಿಸಿದ.

"ನೋಡಿ ಅಕ್ಕ, ನಾನು ಹೇಳಿದ್ದೇ ಅವರೂ ಹೇಳ್ತಾರೆ. ಹೊರಗೆ ಎಣ್ಣೆ ಬೇಡ, ಒಳಗೆ ಬೇಕು! ನನ್ನ ಅಂಗಡೀಲಿ ಆಮ್ಲಜನಕ ಕೊಟ್ಟರೆ ಬೆಂಕಿ ಕುಣಿಯುತ್ತೆ. ಅವಳೊಳಗಿರೋದು ಕುಣಿಯುತ್ತೋ, ಸಾಯುತ್ತೋ?"

ನನಗೇನು ಗೊತ್ತು? ಒಳಗೆ ಹೋಗಿ ಕಾಫಿ ತಂದುಕೊಟ್ಟೆ.

ಊಟ ಬದಲಾದ ಹದಿನೆಂಟನೆಯ ದಿನ ಆಸ್ಪತ್ರೆಯಲ್ಲಿ ತೂಕ ನೋಡಿದರು. ನಾಲ್ಕು ಕಿಲೋ ಇಳಿದಿತ್ತು. ಡಾಕ್ಟರಮ್ಮ ಕೀಮೋವನ್ನು ಹತ್ತು ದಿನ ಮುಂದಕ್ಕೆ ಹಾಕಿದರು. ಅಷ್ಟರಲ್ಲಿ ತೂಕ ಏರದಿದ್ದರೆ ಅವಳ ಮೈ ಔಷಧಿ ತಡೆಯುವುದಿಲ್ಲ. ಔಷಧಿ ತಪ್ಪಿದರೆ ಕಾಯಿಲೆ ಮತ್ತೆ ತಲೆ ಎತ್ತಬಹುದು. ಸೋಪಣ್ಣ ಊಟದ ವಿಷಯ, ಕೋಣೆಯ ವಿಷಯ ಎಲ್ಲವನ್ನೂ ಅವರಿಗೆ ಹೇಳಿಬಿಟ್ಟ.

"ಸಕ್ಕರೆ ಬಿಟ್ಟರೆ ಕ್ಯಾನ್ಸರ್ ವಾಸಿಯಾಗುತ್ತೆ ಅನ್ನೋಕೆ ಸಾಕ್ಷಿ ಇಲ್ಲ. ಅದರ ಮೇಲೆ ಸಂಶೋಧನೆ ಇನ್ನೂ ನಡೀತಿದೆ. ಆ ಕೋಣೆ ಬೇರೆ ಕೆಲವು ಗಾಯಗಳಿಗೆ ಉಪಯೋಗ ಆಗುತ್ತೆ. ಇವರಿಗೀಗ ಬೇಕಿರೋದು ಹೊಟ್ಟೆ ತುಂಬ ಊಟ," ಎಂದರು ಡಾಕ್ಟರಮ್ಮ.

"ಹಾಗಾದ್ರೆ ಅದೆಲ್ಲ ಸುಳ್ಳಾ ಡಾಕ್ಟ್ರೇ?"

"ಗೊತ್ತಿಲ್ಲದ್ದನ್ನ ಗೊತ್ತಿದೆ ಅನ್ನಬಾರದು ಅಂತೀನಿ."

ಅವನಿಗೆ ಬೇಕಿದ್ದುದು ಹೌದು ಅಥವಾ ಇಲ್ಲ. ಸಿಕ್ಕಿದ್ದು ಎರಡೂ ಅಲ್ಲ. ಸಂಜೆ ಮತ್ತೆ ಜಗಲಿಗೆ ಬಂದ. "ಗುಳ್ಳೆ ಎದ್ದರೆ ಎದ್ದಿತು, ಇಲ್ಲದಿದ್ರೆ ಇಲ್ಲ. ಅದು ನಂಗೆ ಅರ್ಥವಾಗುತ್ತೆ. ಇದರಲ್ಲಿ ಎಲ್ಲಿಗೆ ಸೋಪು ಹಚ್ಚಲಿ ಅಕ್ಕ?"

ದೇವರಿಗೆ ದೀಪ ಹಚ್ಚುವಾಗ ಅವಳನ್ನು ನೆನೆಯುತ್ತೇನೆ ಎಂದೆ.

ಮರುದಿನ ಅವರ ಮನೆಗೆ ಗಂಜಿ ಕೊಡಲು ಹೋದಾಗ ಹೆಂಡತಿ ಬಾಳೆಹಣ್ಣು ಕೇಳುತ್ತಿದ್ದಳು. "ಹದಿನೆಂಟು ದಿನದಿಂದ ಕನಸಲ್ಲಿ ಬರ್ತಿದೆ ಕಣ್ರೀ. ನಿಮ್ಮ ಮುಖ ಕೂಡ ಅಷ್ಟು ಸಲ ಬಂದಿಲ್ಲ."

ಸೋಪಣ್ಣ ಅರ್ಧ ಸಿಪ್ಪೆ ಸುಲಿದು ಹಾಗೇ ನಿಂತಿದ್ದ. ಈ ಸಿಹಿ ಯಾರಿಗೆ, ಅವಳಿಗೋ, ಅವಳೊಳಗಿನ ಕಾಯಿಲೆಗೋ? ಅವಳು ಕೈ ಚಾಚಿದಳು. ಬಳೆ ಮೊಣಕೈವರೆಗೂ ಜಾರಿತು. ಅವನು ಅದನ್ನೇ ನೋಡಿದ. ಉಳಿದ ಸಿಪ್ಪೆಯನ್ನೂ ಸುಲಿದು ಕೊಟ್ಟ.

ಹೊರಗೆ ವ್ಯಾನು ನಿಂತಿತು. ಅವಳ ತಮ್ಮ ಒಂದು ಚೀಟಿ ಹಿಡಿದುಕೊಂಡೇ ಒಳಗೆ ಬಂದ. ಆ ಕೋಣೆಗೆ ಸಿಲಿಂಡರ್ ಹಾಕುವವನು ಇವನೇ ಆದ್ದರಿಂದ ಬಿಟ್ಟಿಯಾಗಿ ಹತ್ತು ಸಲ ಮಲಗಿಸಲು ಒಪ್ಪಿದ್ದರು.

"ಕಾಲು ಹಿಡಿದು ಬರೆಸ್ಕೊಂಡು ಬಂದೆ ಭಾವ. ನಾಳೆ ಬೆಳಿಗ್ಗೆ ಏಳಕ್ಕೆ." ಅಕ್ಕನ ಕೈಯಲ್ಲಿದ್ದ ಹಣ್ಣು ನೋಡಿ ಅವನ ದನಿ ಇಳಿಯಿತು. "ಅಯ್ಯೋ, ಇದೇನು ಮಾಡಿದ್ರಿ?"

"ತೂಕ ಏರಬೇಕು ಕಣೋ. ಒಂಬತ್ತೇ ದಿನ ಇದೆ."

"ನನ್ನ ಮೇಲೆ ನಂಬಿಕೆ ಇಲ್ವಾ ಭಾವ?"

ಸೋಪಣ್ಣ ಚೀಟಿ ತೆಗೆದುಕೊಂಡು ಎರಡೂ ಕಡೆ ನೋಡಿದ. ಮಡಿಸಿ ಭಾವಮೈದುನನ ಅಂಗಿ ಜೇಬಿಗೇ ಇಟ್ಟ.

"ನಿನ್ನ ಮೇಲಿದೆ. ಆ ಕೋಣೆ ಸರಿಯೋ ತಪ್ಪೋ ನಂಗಿನ್ನೂ ಗೊತ್ತಾಗಿಲ್ಲ. ಸೋರುತ್ತೋ ಇಲ್ವೋ ಗೊತ್ತಿಲ್ಲದ ಸಿಲಿಂಡರಿನ ಹತ್ತಿರ ನಾನು ಬೆಂಕಿ ಒಯ್ಯಲ್ಲ. ಬೇಡಪ್ಪ."