ನಾನು ತಪ್ಪಿಸಿದ ತುಳಸಿ ನೀರು

ನಿಮ್ಮ ಅತ್ತೆ ತೀರಿಕೊಂಡ ದಿನ ಅವರ ಬಾಯಿಗೆ ತುಳಸಿ ನೀರು ಬಿಡದಂತೆ ನಿಮ್ಮ ಕೈ ಹಿಡಿದವರು ನಿಮ್ಮ ನಾದಿನಿ. ಹಿಡಿಸಿದವನು ನಾನು, ಜಲಜಕ್ಕ. ಇದು ನಿಮಗೆ ಗೊತ್ತಿಲ್ಲ. ಗೊತ್ತಿದ್ದರೆ ಪ್ರತಿ ಬುಧವಾರ ಬಿಕರ್ನಕಟ್ಟೆಯಿಂದ ಬಸ್ಸು ಹಿಡಿದು ನನ್ನ ಮನೆಗೆ ಬರುತ್ತಿರಲಿಲ್ಲ.

ಅವರು ತೀರಿಕೊಳ್ಳುವುದಕ್ಕೆ ಮೊದಲು ಒಂದು ಬೆಳಿಗ್ಗೆ ನೀವು ದೇವಸ್ಥಾನಕ್ಕೆ ಬಂದಾಗ ಅಲ್ಲಿ ಬೇರೆ ಯಾರೂ ಇರಲಿಲ್ಲ. ನಿಮ್ಮ ಅತ್ತೆ ಹಾಸಿಗೆ ಹಿಡಿದು ವರ್ಷಗಳೇ ಆಗಿದ್ದವು. ಮಲಮೂತ್ರವೆಲ್ಲ ನಿಮ್ಮ ಕೈಯಲ್ಲೇ. ಭಕ್ತರು ತಮ್ಮ ಕಷ್ಟ ಹೇಳಬೇಕು, ಅರ್ಚಕನಾದ ನಾನು ಅದನ್ನು ದೇವರ ಎದುರು ಗಟ್ಟಿಯಾಗಿ ಹೇಳಿ ಪ್ರಾರ್ಥಿಸಬೇಕು — ಅದು ನಮ್ಮಲ್ಲಿನ ಕ್ರಮ. ನೀವು ಹತ್ತಿರ ಬಂದು ಸಣ್ಣ ಸ್ವರದಲ್ಲಿ ಹೇಳಿದಿರಿ:

"ಭಟ್ರೇ, ಅತ್ತೆಯನ್ನು ಬೇಗ ಕರ್ಕೊಂಡು ಹೋಗ್ಲಿ ಅಂತ ಪ್ರಾರ್ಥನೆ ಮಾಡಿ. ನನಗೆ ಇನ್ನು ಆಗುದಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಎಂಥ ಹೆಂಗಸು ಇವಳು! ನಿಮ್ಮ ಅತ್ತೆಯ ಹೆಸರು, ನಕ್ಷತ್ರ ಹೇಳಿ, ಪೂರ್ಣಾಯುಷ್ಯ ಕೊಡು ಎಂದು ಗಂಟಲು ಹರಿಯುವಂತೆ ಕೇಳಿಕೊಂಡೆ — ನಿಮಗೆ ಬುದ್ಧಿ ಬರಲೆಂದು. ನೀವು ತಲೆ ತಗ್ಗಿಸಿ ಪ್ರಸಾದಕ್ಕೆ ಕೈಯೊಡ್ಡಿದಿರಿ. ಆ ಕೈ ಫಿನಾಯಿಲ್ ನಾರುತ್ತಿತ್ತು. ಅದೂ ನನಗೆ ಅಸಹ್ಯವೆನಿಸಿತು — ಇದನ್ನೂ ಹೇಳಿಬಿಡುತ್ತೇನೆ.

ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. ತೊಕ್ಕೊಟ್ಟಿನಿಂದ ನಿಮ್ಮ ನಾದಿನಿ ಹೂವಿನ ಪೂಜೆಗೆ ಬಂದಾಗ ನಾನಾಗಿಯೇ ಕರೆದು ಹೇಳಿದೆ: "ಅಮ್ಮ ಸಾಯ್ಲಿ ಅಂತ ಪ್ರಾರ್ಥನೆ ಮಾಡ್ಸಲಿಕ್ಕೆ ನಿಮ್ಮ ಅತ್ತಿಗೆ ಬಂದಿದ್ರು ಮಾರಾಯ್ರೆ. ಸ್ವಲ್ಪ ಜಾಗ್ರತೆ." ನಿಮ್ಮ ಎರಡನೆಯ ಮಾತನ್ನು, ನಿಮಗೆ ಇನ್ನು ಆಗುವುದಿಲ್ಲ ಎಂದದ್ದನ್ನು, ಹೇಳಲೇ ಇಲ್ಲ. ದೊಡ್ಡ ಪುಣ್ಯ ಕಟ್ಟಿಕೊಂಡವನಂತೆ ಅಂದು ಹೊಟ್ಟೆ ತುಂಬ ಉಂಡೆ.

ಸೂತಕ ಕಳೆದ ಮೇಲೆ ನೀವು ಬಂದಿರಿ. "ನೀರು ಬಿಡ್ಲಿಕ್ಕೆ ಬಿಡ್ಲಿಲ್ಲ ಭಟ್ರೇ. ಸಾಯ್ಲಿಕ್ಕೆ ಕಾದವಳು ಮುಟ್ಟುದು ಬೇಡ ಅಂದ್ಲು, ಎಲ್ಲರ ಎದುರು. ಅವಳಿಗೆ ಯಾರು ಎಂತ ಹೇಳಿದ್ದೋ..." ದೇವರ ಎದುರಿನ ಮಾತು ಹೊರಗೆ ಹೋಗಿರಬಹುದೆಂಬ ಅನುಮಾನವೇ ನಿಮಗೆ ಬಂದಿರಲಿಲ್ಲ. ನಾನು ಹೂ ಕೊಟ್ಟು "ದೇವರಿದ್ದಾನೆ" ಎಂದೆ. ಅಷ್ಟೇ ಎಂದೆ.

ಈಗ ನನ್ನ ಹೆಂಡತಿ ಶಾರದೆ ಮಲಗಿದ್ದಾಳೆ — ಮಾತಿಲ್ಲ, ಒಂದು ಪಕ್ಕಕ್ಕೆ ಸ್ವಾಧೀನವಿಲ್ಲ. ಪೂಜೆ ಬಿಟ್ಟು ಮನೆಯಲ್ಲೇ ಇದ್ದೇನೆ. ಮೊನ್ನೆ ಗಂಜಿ ಕುಡಿಸುವಾಗ ಅವಳ ನೆತ್ತಿಗೆ ಹತ್ತಿತು. ಕಣ್ಣು ಮೇಲಾಯಿತು. ನಾನು ಕೂಡಲೇ ಎತ್ತಿ ಕೂರಿಸಲಿಲ್ಲ. ಚಮಚ ಹಿಡಿದುಕೊಂಡು ನೋಡುತ್ತ ನಿಂತೆ. ಆಗಿಹೋಗಲಿ ಎಂದು — ಹೌದು, ಹಾಗೆಯೇ ಅಂದುಕೊಂಡೆ. ಆಮೇಲೆ ಬೆನ್ನು ತಟ್ಟಿದೆ. ಕೆಮ್ಮಿದಳು, ನನ್ನ ಮುಖವನ್ನೇ ನೋಡಿದಳು. ಅವಳಿಗೆ ತಿಳಿಯಿತೋ ಏನೋ. ನೀವಾದರೂ ದೇವರನ್ನು ಕೇಳಿದಿರಿ. ನಾನು ಅವನನ್ನೂ ಕೇಳಲಿಲ್ಲ.

ಅವಳು ಹಾಸಿಗೆ ಹಿಡಿದ ಸುದ್ದಿ ತಿಳಿದು ಬಂದವರೆಲ್ಲ ಅವಳನ್ನು ವಿಚಾರಿಸಿದರು. ನೀವು ಮಾತ್ರ ಹೊಸ್ತಿಲಲ್ಲೇ ನನ್ನನ್ನು ಕೇಳಿದಿರಿ — "ನಿಮಗೆ ನಿದ್ದೆ ಉಂಟಾ ಭಟ್ರೇ?" ಅಂದಿನಿಂದ ಪ್ರತಿ ಬುಧವಾರ ನೀವು ಅವಳ ಮೈ ಒರೆಸುತ್ತೀರಿ, ನಾನು ಒಳಕೋಣೆಯಲ್ಲಿ ಮಲಗುತ್ತೇನೆ. ನಾನು ಸರಿಯಾಗಿ ನಿದ್ದೆ ಮಾಡುವುದು ಆಗ ಮಾತ್ರ. ಅದು ತಪ್ಪಿಹೋದೀತೆಂಬ ಹೆದರಿಕೆಗೇ ಇಷ್ಟು ದಿನ ಬಾಯಿ ಬಿಡಲಿಲ್ಲ — ಎಷ್ಟು ಸಣ್ಣವನು ನಾನು, ಜಲಜಕ್ಕ.

ನಾದಿನಿಯ ಮನೆಗೆ ಹೋಗಿ ಅಂದು ಬಿಟ್ಟ ಅರ್ಧ ಮಾತನ್ನು ಹೇಳಿ ಬರುತ್ತೇನೆ. ಅದರಿಂದ ನಿಮಗೆ ಆ ನೀರು ತಿರುಗಿ ಸಿಗುವುದಿಲ್ಲ. ಆದರೆ ಮೊದಲು ನಿಮಗೆ ಹೇಳಬೇಕು. ಈ ಬುಧವಾರ ನೀವು ಬಂದಾಗ, ಒಳಗೆ ಕರೆಯುವ ಮೊದಲೇ, ಹೊಸ್ತಿಲಲ್ಲೇ ಹೇಳುತ್ತೇನೆ. ನೀವು ತಿರುಗಿ ಹೊರಟರೆ ಹಿಂದಿನಿಂದ ಕರೆಯುವುದಿಲ್ಲ.